ಶಾಲೆಯ ಅಂಗಳಕ್ಕೆ ಬಂದ ಚರ್ಮವಾದ್ಯಗಳು

ಸ್ವಾತಂತ್ರ್ಯೋತ್ಸವದ ಬೆಳಗ್ಗೆ ಸಾಲುಗಟ್ಟಿ ಬರುವ ಶಾಲಾಮಕ್ಕಳ ಮುಂದೆ ಬ್ಯಾಂಡು ನಡೆಯುವಾಗ ನೋಡುವವರ ಕಣ್ಣು ಹೊಳೆಯುವ ಬ್ಯೂಗಲುಗಳ ಮೇಲೆಯೇ ನಿಲ್ಲುತ್ತದೆಯಾದರೂ, ಅಷ್ಟು ಕಾಲುಗಳನ್ನೂ ಒಂದೇ ಹೆಜ್ಜೆಗೆ ಕಟ್ಟಿಹಾಕುವ ಹೊಣೆಯೆಲ್ಲ ಕೊರಳಿಗೆ ಡ್ರಮ್ಮು ತೂಗಿಕೊಂಡ ನಾಲ್ಕಾರು ಮಕ್ಕಳದು. ಆ ವಾದ್ಯಗಳು ನಮ್ಮಲ್ಲಿಗೆ ಬಂದ ದಾರಿ ಬಹು ದೀರ್ಘವಾದುದು. ತುರ್ಕಿಯ ಸುಲ್ತಾನರ ಜಾನಿಸರಿ ಪದಾತಿಗಳು ದೊಡ್ಡ ಭೇರಿಯನ್ನೂ ಕಂಚಿನ ತಾಳಗಳನ್ನೂ ಮೊಳಗಿಸುತ್ತ ಯುದ್ಧಕ್ಕೆ ಹೊರಡುತ್ತಿದ್ದ ವೈಖರಿಗೆ ಬೆರಗಾದ ಯೂರೋಪಿನ ದೊರೆಗಳು ಹದಿನೆಂಟನೆಯ ಶತಮಾನದಲ್ಲಿ ಅವುಗಳನ್ನೇ ತಮ್ಮ ಸೇನೆಗಳಿಗೆ ತರಿಸಿಕೊಂಡರು. 1826ರಲ್ಲಿ ಸುಲ್ತಾನ ಎರಡನೆಯ ಮಹಮೂದನು ಜಾನಿಸರಿ ಪಡೆಯನ್ನೇ ನಿರ್ಮೂಲಗೊಳಿಸುವ ಹೊತ್ತಿಗೆ ಅದರ ವಾದ್ಯಗಳು ಬ್ರಿಟಿಷ್ ರೆಜಿಮೆಂಟುಗಳೊಡನೆ ಸಮುದ್ರವನ್ನು ದಾಟಿ, 1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡಿನಲ್ಲಿ ನೆಲೆಯೂರಿದ್ದುವು.

ದಂಡಿನ ವಾದ್ಯ ಊರಿನ ಕಿವಿಗೆ ಹೊಸತೇನೂ ಆಗಿರಲಿಲ್ಲ. ಅರಮನೆಯ, ದೇವಾಲಯದ ನಗಾರಿಯನ್ನು ಕೇಳುತ್ತ ಬೆಳೆದವರು ನಮ್ಮ ಜನ. ಮೈಸೂರಿನ ಅರಸರು ಕರ್ನಾಟಕ ವಾದ್ಯವೃಂದದೊಡನೆ ಪಾಶ್ಚಾತ್ಯ ಬ್ಯಾಂಡೊಂದನ್ನೂ ಪೋಷಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಟೋ ಶ್ಮಿಟ್ ಎಂಬ ಜರ್ಮನ್ ವಿದ್ವಾಂಸರು ಅದನ್ನು ನಡೆಸುತ್ತಿದ್ದರು. ಸೇನೆಯಿಂದಲೋ ಪೊಲೀಸಿನಿಂದಲೋ ಪೆನ್ಷನ್ ಪಡೆದು ಬಂದವರು ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರುಗಳಾದಾಗ, ಕವಾಯತಿನೊಡನೆ ಡ್ರಮ್ಮನ್ನೂ ತಂದರು.

ಇಂದಿಗೂ ಹೆಡ್‌ಮಾಸ್ತರರ ಬಾಯಲ್ಲಿ ಅದು ‘ಬ್ಯಾಂಡ್ ಸೆಟ್’: ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟು ಅಂಗುಲ ವ್ಯಾಸದ ದೊಡ್ಡ ಡ್ರಮ್ಮೊಂದು, ಹದಿನಾಲ್ಕು ಅಂಗುಲದ ಸೈಡ್ ಡ್ರಮ್ಮುಗಳು ಎರಡೋ ನಾಲ್ಕೋ, ಒಂದು ಟೆನರ್, ಒಂದು ಜೊತೆ ತಾಳ. ಇವುಗಳಲ್ಲಿ ಬಹುಪಾಲು ಬರುತ್ತಿದ್ದುದು ಉತ್ತರದ ಮೀರತ್ ನಗರದಿಂದ. ಕೊಳ್ಳುವುದು ಸುಲಭ, ಕಾಪಾಡುವುದು ಕಠಿಣ. ಚರ್ಮದ ಮುಚ್ಚಳಿಕೆಯಿದ್ದ ಕಾಲದಲ್ಲಿ ಡ್ರಮ್ಮೊಂದು ಹರಿದರೆ ಮೇಷ್ಟ್ರು ಕರುವಿನ ಚರ್ಮವನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಒಳಬಳೆಯ ಸುತ್ತ ಅದರ ಅಂಚನ್ನು ಚಮಚದ ಹಿಡಿಯಿಂದ ಒಂದಿಷ್ಟೂ ಸುಕ್ಕು ಬೀಳದಂತೆ ಒಳಕ್ಕೆ ಮಡಿಚಿ, ಹೊರಬಳೆಯನ್ನು ಮೇಲೆ ಕೂರಿಸಿ, ಹಗ್ಗವನ್ನು ಸಡಿಲವಾಗಿ ಹೆಣೆದು, ನೆರಳಿನಲ್ಲಿಯೇ ಒಣಗಲು ಬಿಡುತ್ತಿದ್ದರು; ಅವಸರಪಟ್ಟು ಬಿಸಿಲಿಗಿಟ್ಟರೆ ಚರ್ಮವು ಒಂದು ಪಕ್ಕಕ್ಕೆ ಎಳೆದುಕೊಂಡು ನಾದವೇ ಕೆಡುತ್ತಿತ್ತು. ಒಣಗಿದ ತರುವಾಯ ಹಗ್ಗದ ಮೇಲಿನ ತೊಗಲಿನ ಪಟ್ಟಿಗಳನ್ನು ಒಂದೊಂದಾಗಿ ಕೆಳಕ್ಕೆ ಜಾರಿಸುತ್ತ ಬಿಗಿ ಕೊಡುವುದು, ನುಡಿಸಿ ಮುಗಿದೊಡನೆ ಮರೆಯದೆ ಅವನ್ನು ಮೇಲಕ್ಕೆ ಸರಿಸಿ ಸಡಿಲಿಸುವುದು ವಾದ್ಯಪಾಲನೆಯ ಮೊದಲ ಪಾಠವಾಗಿತ್ತು. ತೇವ ತಗಲಿದರೆ ಚರ್ಮ ಜೋಲುತ್ತದೆ. ನಮ್ಮ ದೊಡ್ಡ ಹಬ್ಬವಾದ ಆಗಸ್ಟ್ 15 ಬರುವುದೋ ಮಳೆಗಾಲದ ನಟ್ಟನಡುವೆ. ಮಲೆನಾಡಿನ ಶಾಲೆಗಳಲ್ಲಿ ಆ ದಿನ ಮುಂಜಾನೆ ಕೆಂಡದ ಬಳಿ ಡ್ರಮ್ಮುಗಳನ್ನು ಕಾಯಿಸುವುದೇ ಧ್ವಜಾರೋಹಣದ ಮೊದಲ ಸಿದ್ಧತೆಯಾಗಿರುತ್ತಿತ್ತು.

ನಡೆಸುವ ಕ್ರಮದಲ್ಲಿ ಸೇನೆಯ ಮುದ್ರೆ ಸ್ಪಷ್ಟವಾಗಿಯೇ ಉಳಿದಿದೆ. ಸೈಡ್ ಡ್ರಮ್ಮಿನವರು ಮೂರು ಹೆಜ್ಜೆಯ ಉರುಳಿಕೆಯನ್ನು ಎರಡು ಸಲ ನುಡಿಸಿದರೆ ಇಡೀ ತಂಡ ಹೊರಡುತ್ತದೆ. ಎಡಗಾಲು ನೆಲ ಮುಟ್ಟುವ ಗಳಿಗೆಗೆ ಸರಿಯಾಗಿ ದೊಡ್ಡ ಡ್ರಮ್ಮು ಮೊಳಗುತ್ತದೆ. ಅದೇ ಡ್ರಮ್ಮಿನ ಜೋಡಿ ಪೆಟ್ಟು ಬಿದ್ದಿತೆಂದರೆ ರಾಗ ಮುಗಿಯುವ ಸೂಚನೆ. ಸೈನಿಕರ ನಡಿಗೆ ನಿಮಿಷಕ್ಕೆ 120 ಹೆಜ್ಜೆಯದಾದರೂ ನಾಲ್ಕನೆಯ ತರಗತಿಯ ಮಕ್ಕಳನ್ನು ಆ ವೇಗಕ್ಕೆ ಎಳೆದರೆ ಸಾಲು ಚದರುತ್ತದೆಂಬುದನ್ನು ಬಲ್ಲ ಮೇಷ್ಟ್ರು ಲಯವನ್ನು ಇಳಿಸುತ್ತಾರೆ. ದೊಡ್ಡ ಡ್ರಮ್ಮನ್ನು ದೊಡ್ಡ ಮೈಕಟ್ಟಿನ ಹುಡುಗನಿಗೆ ಕೊಡುವ ರೂಢಿ ಎಲ್ಲ ಕಡೆಯೂ ಇದೆಯಷ್ಟೆ. ಅದು ತಪ್ಪು. ಗದ್ದಲದ ನಡುವೆ ಉದ್ವೇಗಕ್ಕೊಳಗಾಗದ, ಪಕ್ಕದವನ ಅವಸರಕ್ಕೆ ಮಣಿಯದ ಮಗುವಿಗೆ ಅದು ಸಲ್ಲಬೇಕು.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಾಡಿದ ಸಂಗತಿ ಬೇರೊಂದಿದೆ. ನಮ್ಮ ಹಳ್ಳಿಗಳಲ್ಲಿ ತಮಟೆಯನ್ನು ಬಾರಿಸುವ ಕೆಲಸವನ್ನು ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟವರ ಕೊರಳಿಗೆ ಬಿಟ್ಟಿಯಾಗಿ ಕಟ್ಟಿತು. ಜಾತ್ರೆಗೂ ಸಾವಿಗೂ ಅವರು ಬೇಕು, ಅಂಗಳದ ಒಳಗೆ ಬೇಡ. ಅವರು ಮುಟ್ಟುವ ಚರ್ಮವೇ ಮೈಲಿಗೆಯೆನಿಸಿತು. ಮೈಸೂರು ಸಂಸ್ಥಾನದ ಸರ್ಕಾರವು 1910ರ ದಶಕದಲ್ಲಿ ಸರ್ಕಾರಿ ಶಾಲೆಗಳ ಬಾಗಿಲನ್ನು ಆ ಮಕ್ಕಳಿಗೂ ತೆರೆಯಲು ಹೊರಟಾಗ, ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡ ತಂದೆತಾಯಿಗಳೂ ಇದ್ದರು. ಅಂಥ ನಾಡಿನಲ್ಲಿ, ಅದೇ ದನಕರುಗಳ ಚರ್ಮವು ಸಾಹೇಬರ ಸೇನೆಯಿಂದ ಬಣ್ಣದ ಬಳೆ, ಬಿಳಿಯ ಹಗ್ಗ ತೊಟ್ಟು ಬಂದೊಡನೆ ಶುದ್ಧವಾಯಿತು. ಎಲ್ಲ ಜಾತಿಯ ಮಕ್ಕಳೂ ಅದನ್ನು ಕೊರಳಿಗೆ ಹಾಕಿಕೊಳ್ಳಲು ಪೈಪೋಟಿ ನಡೆಸಿದರು, ಹಿರಿಯರು ಹೆಮ್ಮೆಯಿಂದ ನೋಡಿದರು. ಮೈಲಿಗೆಯು ಚರ್ಮದಲ್ಲಿ ಎಂದೂ ಇರಲಿಲ್ಲವೆಂಬುದನ್ನು ಇದಕ್ಕಿಂತ ಪ್ರತ್ಯಕ್ಷವಾಗಿ ತೋರಿಸಿದ ವಸ್ತು ಶಾಲೆಯಲ್ಲಿ ಮತ್ತೊಂದಿರಲಾರದು. ಆದರೆ ತಲೆತಲಾಂತರದಿಂದ ಲಯವನ್ನು ಕೈಯಲ್ಲೇ ಹಿಡಿದು ಬಂದ ಮನೆಗಳ ಹಿರಿಯರನ್ನು ಕರೆದು ‘ನಮ್ಮ ಮಕ್ಕಳಿಗೆ ಕಲಿಸಿ’ ಎಂದು ಕೇಳುವುದು ಆ ಶಾಲೆಗಳಿಗೆ ತೋಚಲಿಲ್ಲ.

ಅಮೆರಿಕದಲ್ಲಿ 1957ರ ಸುಮಾರಿಗೆ ಬಳಕೆಗೆ ಬಂದ ಪ್ಲಾಸ್ಟಿಕ್ ಹಾಳೆಯ ಮುಚ್ಚಳಿಕೆಯು ಕಾಲಾನಂತರದಲ್ಲಿ ನಮ್ಮ ಶಾಲೆಗಳಿಗೂ ಬಂದು, ಮಳೆಯ ಭಯವನ್ನೂ ಕೆಂಡದ ಕೆಲಸವನ್ನೂ ತಪ್ಪಿಸಿತು. ಅತ್ತ ತಮಟೆಗೂ ಮನ್ನಣೆ ದೊರೆತಿದೆ: ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು. ಬ್ಯಾಂಡ್ ಸೆಟ್ಟಿಗೆಂದು ಹಣ ಕೂಡಿಸುವ ಶಾಲೆಗಳು ಅದರಲ್ಲೊಂದು ಪಾಲನ್ನು ತೆಗೆದಿರಿಸಿ, ಅಂಥ ಕಲಾವಿದರೊಬ್ಬರನ್ನು ಗೌರವಧನ ಕೊಟ್ಟು ಗುರುವೆಂದೇ ಕರೆಸಿ, ಸೈಡ್ ಡ್ರಮ್ಮಿನ ಪಕ್ಕದಲ್ಲಿ ತಮಟೆಯ ಸಾಲೊಂದನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಿ ನಿಲ್ಲಿಸುವುದಕ್ಕೆ ಈಗ ಯಾವ ಅಡ್ಡಿಯೂ ಇಲ್ಲ. ಮುಂದಿನ ಆಗಸ್ಟ್ ತಿಂಗಳಿಗೆ ಸಿದ್ಧವಾಗಬೇಕಾದರೆ ಜೂನ್‌ನಲ್ಲಿ ಶಾಲೆ ತೆರೆದೊಡನೆಯೇ ಅಭ್ಯಾಸ ಹಿಡಿಸಬೇಕು.