ಫಾರಿನ್ ಕೀ ನಿರ್ಬಂಧ ದೋಷ

ಫಾರಿನ್ ಕೀ ನಿರ್ಬಂಧ ದೋಷ ಎಂಬುದು ಸಂಬಂಧಾತ್ಮಕ ಡೇಟಾಬೇಸ್‌ನಲ್ಲಿ ಎರಡು ಕೋಷ್ಟಕಗಳ ನಡುವಣ ನಂಟನ್ನು ಮುರಿಯುವ ಆದೇಶವನ್ನು ತಂತ್ರಾಂಶವು ತಿರಸ್ಕರಿಸಿದಾಗ ನೀಡುವ ಸೂಚನೆ. ಹೆಸರಿನಲ್ಲಿ ದೋಷವೆಂದಿದ್ದರೂ ಇದು ತಂತ್ರಾಂಶದ ಕೆಡುಕಲ್ಲ. ಆಧಾರವಿಲ್ಲದ ದಾಖಲೆಯೊಂದು ಉಳಿದುಬಿಡದಂತೆ ಅದು ವಹಿಸುವ ಕಾವಲು. ಆದುದರಿಂದ ಸೂಚನೆಯನ್ನು ಅಡಗಿಸುವುದಕ್ಕಿಂತ ಅದರ ಕಾರಣವನ್ನು ಹುಡುಕುವುದೇ ಸರಿಯಾದ ಕ್ರಮ.

ಹಿನ್ನೆಲೆ

ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಪ್ರೈಮರಿ ಕೀ ಮತ್ತು ಫಾರಿನ್ ಕೀ ಎಂಬ ಪರಿಕಲ್ಪನೆಗಳು ಆ ಪ್ರಬಂಧದಲ್ಲಿಯೇ ಬಂದಿವೆ.

ಉದಾಹರಣೆಗೆ, ಶಾಲೆಯೊಂದರಲ್ಲಿ ‘ವಿದ್ಯಾರ್ಥಿಗಳು’ ಮತ್ತು ‘ಅಂಕಗಳು’ ಎಂಬ ಎರಡು ಕೋಷ್ಟಕಗಳಿವೆ ಎಂದುಕೊಳ್ಳಬಹುದು. ಮೊದಲನೆಯದರಲ್ಲಿ ದಾಖಲಾತಿ ಸಂಖ್ಯೆಯು ಪ್ರತಿ ವಿದ್ಯಾರ್ಥಿಯನ್ನೂ ಗುರುತಿಸುವ ಪ್ರೈಮರಿ ಕೀ. ಎರಡನೆಯದರಲ್ಲಿ ಅದೇ ಸಂಖ್ಯೆಯು ಫಾರಿನ್ ಕೀ ಆಗಿ, ಅಂಕ ಯಾರದೆಂಬುದನ್ನು ತಿಳಿಸುತ್ತದೆ. ಮೊದಲನೆಯದನ್ನು ಮಾತೃಕೋಷ್ಟಕವೆಂದೂ ಎರಡನೆಯದನ್ನು ಅವಲಂಬಿತ ಕೋಷ್ಟಕವೆಂದೂ ಕರೆಯಬಹುದು. ವಿದ್ಯಾರ್ಥಿಯೇ ಇಲ್ಲದ ಅಂಕವು ಯಾರಿಗೂ ಸೇರದ ‘ಅನಾಥ ಸಾಲು’ ಆಗುತ್ತದೆ.

ದೋಷದ ಬಗೆಗಳು

ಈ ದೋಷವು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ ಎದುರಾಗುತ್ತದೆ.

1. ಸೇರಿಸುವಾಗ: ಮಾತೃಕೋಷ್ಟಕದಲ್ಲಿಲ್ಲದ ಸಂಖ್ಯೆಯನ್ನು ಅವಲಂಬಿತ ಕೋಷ್ಟಕಕ್ಕೆ ಬರೆಯಲು ಹೊರಟಾಗ. ಮೈಎಸ್‌ಕ್ಯೂಎಲ್‌ನಲ್ಲಿ ಇದರ ಸಂಖ್ಯೆ 1452; ಒರೇಕಲ್‌ನಲ್ಲಿ 02291.

2. ಅಳಿಸುವಾಗ: ಅಂಕಗಳಿರುವ ವಿದ್ಯಾರ್ಥಿಯ ಸಾಲನ್ನು ತೆಗೆಯಲು ಹೊರಟಾಗ. ಮೈಎಸ್‌ಕ್ಯೂಎಲ್‌ನಲ್ಲಿ 1451, ಒರೇಕಲ್‌ನಲ್ಲಿ 02292. ಪೋಸ್ಟ್‌ಗ್ರೆಸ್‌ಕ್ಯೂಎಲ್ ಈ ಎರಡೂ ಬಗೆಗಳಿಗೆ 23503 ಎಂಬ ಒಂದೇ ಸಂಕೇತವನ್ನು ಬಳಸುತ್ತದೆ.

3. ನಿರ್ಬಂಧವನ್ನು ರಚಿಸುವಾಗ: ಎರಡು ಕಾಲಂಗಳ ಸ್ವರೂಪ ಹೊಂದದಿದ್ದಾಗ. ಮೈಎಸ್‌ಕ್ಯೂಎಲ್‌ನಲ್ಲಿ 1215 ಇಂತಹ ಸಂಖ್ಯೆ.

ಕಾರಣಗಳು

ಸೇರಿಸುವಾಗಿನ ದೋಷಕ್ಕೆ ಸಾಮಾನ್ಯ ಕಾರಣ ಕ್ರಮ ತಪ್ಪುವುದು. ವಿದ್ಯಾರ್ಥಿಯನ್ನು ನಮೂದಿಸುವ ಮೊದಲೇ ಅಂಕವನ್ನು ನಮೂದಿಸಲಾಗಿರುತ್ತದೆ. ಮತ್ತೊಂದು ಕಾರಣ ಸುಲಭವಾಗಿ ಕಣ್ತಪ್ಪುತ್ತದೆ. ಫಾರಿನ್ ಕೀ ಕಾಲಂ ‘ನಲ್’ ಆಗಿದ್ದರೆ, ಅಂದರೆ ಮೌಲ್ಯವೇ ಇಲ್ಲದಿದ್ದರೆ, ಅದನ್ನು ಪರಿಶೀಲಿಸುವುದಿಲ್ಲ. ಆದರೆ ಸೊನ್ನೆಯು ‘ನಲ್’ ಅಲ್ಲ. ಬಳಕೆದಾರರು ಬಿಟ್ಟ ಜಾಗವನ್ನು ಅರ್ಜಿ ನಮೂನೆಯು ಸೊನ್ನೆಯೆಂದು ಕಳುಹಿಸಿದರೆ, ಡೇಟಾಬೇಸ್ ಸೊನ್ನೆ ಸಂಖ್ಯೆಯ ವಿದ್ಯಾರ್ಥಿಯನ್ನು ಹುಡುಕಿ, ಕಾಣದೆ ಆದೇಶವನ್ನು ತಿರಸ್ಕರಿಸುತ್ತದೆ.

ರಚನೆಯ ದೋಷಕ್ಕೆ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ವ್ಯವಸ್ಥೆಯಲ್ಲಿ ಹಲವು ಕಾರಣಗಳಿವೆ. ಪೂರ್ಣಾಂಕದ ಕಾಲಂಗಳ ಗಾತ್ರವೂ ಋಣಸಂಖ್ಯೆಗೆ ಅವಕಾಶ ಇದೆಯೇ ಇಲ್ಲವೇ ಎಂಬುದೂ ಎರಡು ಕಡೆ ಒಂದೇ ಇರಬೇಕು. ಪಠ್ಯದ ಕಾಲಂಗಳಾದರೆ ಅಕ್ಷರಸಮೂಹ ಹಾಗೂ ಅಕ್ಷರಗಳ ಹೋಲಿಕೆಯ ನಿಯಮ ಒಂದೇ ಆಗಿರಬೇಕು. ಮಾತೃಕೋಷ್ಟಕದ ಕಾಲಂಗೆ ಸೂಚಿ, ಅಂದರೆ ಇಂಡೆಕ್ಸ್, ಇರಬೇಕು.

ಪತ್ತೆ ಮತ್ತು ಪರಿಹಾರ

ಮೊದಲು ಸಂದೇಶದಲ್ಲಿರುವ ನಿರ್ಬಂಧದ ಹೆಸರನ್ನು ಓದಬೇಕು. ಯಾವ ಎರಡು ಕೋಷ್ಟಕಗಳ ನಡುವೆ ತೊಡಕಿದೆ ಎಂಬುದು ಅದರಿಂದ ತಿಳಿಯುತ್ತದೆ. ಇನ್ನೋಡಿಬಿಯಲ್ಲಿ ‘ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್’ ಎಂಬ ಆದೇಶವು ಕೊನೆಯ ಫಾರಿನ್ ಕೀ ದೋಷದ ವಿವರವನ್ನು ತೋರಿಸುತ್ತದೆ.

ಹಳೆಯ ಕೋಷ್ಟಕಗಳಿಗೆ ಹೊಸದಾಗಿ ನಿರ್ಬಂಧ ಹೇರುವ ಮುನ್ನ ಅನಾಥ ಸಾಲುಗಳನ್ನು ಹುಡುಕಬೇಕು. ಅವಲಂಬಿತ ಕೋಷ್ಟಕವನ್ನು ಎಡಕ್ಕಿಟ್ಟು ಮಾತೃಕೋಷ್ಟಕದೊಡನೆ ‘ಲೆಫ್ಟ್ ಜಾಯಿನ್’ ಮಾಡಿದಾಗ, ಫಾರಿನ್ ಕೀ ಇದ್ದೂ ಬಲಭಾಗದ ಕೀ ‘ನಲ್’ ಆಗಿ ಬರುವ ಸಾಲುಗಳೇ ಅನಾಥ ಸಾಲುಗಳು. ಅವುಗಳನ್ನು ತಿದ್ದಬೇಕೋ, ಅಳಿಸಬೇಕೋ, ಕಳೆದುಹೋದ ಮಾತೃಸಾಲನ್ನು ಮರಳಿ ಬರೆಯಬೇಕೋ ಎಂಬುದನ್ನು ಆ ಮಾಹಿತಿಯ ಅರ್ಥ ಬಲ್ಲವರು ನಿರ್ಧರಿಸಬೇಕು.

ಎರಡು ಕೋಷ್ಟಕಗಳು ಒಂದನ್ನೊಂದು ಅವಲಂಬಿಸಿರುವಾಗ ಯಾವುದನ್ನು ಮೊದಲು ತುಂಬಿದರೂ ದೋಷ ಬರಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ನಿರ್ಬಂಧವನ್ನು ‘ಡಿಫರೆಬಲ್’ ಎಂದು ಘೋಷಿಸಿ, ಪರಿಶೀಲನೆಯನ್ನು ವ್ಯವಹಾರದ ಕೊನೆಯವರೆಗೆ ಮುಂದೂಡಬಹುದು.

ಅಳಿಸುವಿಕೆಯ ನಿಯಮಗಳು

ಮಾತೃಸಾಲನ್ನು ಅಳಿಸಿದಾಗ ಏನಾಗಬೇಕೆಂಬುದನ್ನು ಮೊದಲೇ ಗೊತ್ತುಪಡಿಸಬಹುದು. ‘ರಿಸ್ಟ್ರಿಕ್ಟ್’ ಅಳಿಸುವಿಕೆಯನ್ನು ತಡೆಯುತ್ತದೆ. ‘ಸೆಟ್ ನಲ್’ ಅವಲಂಬಿತ ಸಾಲನ್ನು ಉಳಿಸಿ ನಂಟನ್ನು ಮಾತ್ರ ಬಿಡಿಸುತ್ತದೆ. ‘ಕ್ಯಾಸ್ಕೇಡ್’ ಅವಲಂಬಿತ ಸಾಲುಗಳನ್ನೂ ಅಳಿಸುತ್ತದೆ. ಕೊನೆಯದನ್ನು ಆರಿಸಿದರೆ ದೋಷ ಕಾಣಿಸುವುದಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯ ಹೆಸರನ್ನು ತೆಗೆದಾಗ ಆತನ ಎಲ್ಲ ವರ್ಷಗಳ ಅಂಕಗಳೂ ಸದ್ದಿಲ್ಲದೆ ಅಳಿಯುತ್ತವೆ. ಕಾಯ್ದಿಡಬೇಕಾದ ದಾಖಲೆಗಳಿಗೆ ಇದು ತಕ್ಕುದಲ್ಲ.

ಪರಿಶೀಲನೆಯನ್ನು ನಿಲ್ಲಿಸುವುದು

ಮೈಎಸ್‌ಕ್ಯೂಎಲ್‌ನಲ್ಲಿ ‘ಫಾರಿನ್ ಕೀ ಚೆಕ್ಸ್’ ಎಂಬುದನ್ನು ಸೊನ್ನೆಯಾಗಿಸಿ ಪರಿಶೀಲನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ನಂಬಲರ್ಹವಾದ ಬ್ಯಾಕಪ್ ಪ್ರತಿಯನ್ನು ಮರಳಿ ತುಂಬುವಾಗ ಇದು ಉಪಯುಕ್ತ. ಆದರೆ ಪರಿಶೀಲನೆಯನ್ನು ಮತ್ತೆ ಆರಂಭಿಸಿದಾಗ, ನಡುವೆ ನುಸುಳಿದ ತಪ್ಪು ಸಾಲುಗಳನ್ನು ಅದು ಹಿಂದಿರುಗಿ ನೋಡುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಈ ನಿರ್ಬಂಧದ ಜಾರಿಯು 2009ರ 3.6.19ನೇ ಆವೃತ್ತಿಯಿಂದ ಲಭ್ಯವಿದ್ದರೂ ಸಾಮಾನ್ಯವಾಗಿ ಅದು ನಿಷ್ಕ್ರಿಯವಾಗಿಯೇ ಇರುತ್ತದೆ. ಪ್ರತಿ ಸಂಪರ್ಕದಲ್ಲಿಯೂ ಅದನ್ನು ಸಕ್ರಿಯಗೊಳಿಸಬೇಕು. ಹೀಗಾಗಿ ದೋಷದ ಸೂಚನೆ ಬಾರದಿರುವುದು ಮಾಹಿತಿ ಸರಿಯಾಗಿದೆ ಎಂಬುದಕ್ಕೆ ಪ್ರಮಾಣವಾಗದು.