ಗೀತಾನುಗ ವಾದನ: ಬೆಳಗಾವಿಯ ರಾಮಭಾವು ಬಿಜಾಪುರೆ

13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದ ವಾದ್ಯಾಧ್ಯಾಯದಲ್ಲಿ ವಾದನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಗೀತ ನೃತ್ತಗಳ ಹಂಗಿಲ್ಲದೆ ವಾದ್ಯವೊಂದೇ ನುಡಿಯುವದು ಶುಷ್ಕ. ಹಾಡನ್ನು ಅನುಸರಿಸಿ ನುಡಿಯುವದು ಗೀತಾನುಗ. ಕುಣಿತವನ್ನು ಅನುಸರಿಸುವದು ನೃತ್ತಾನುಗ. ಎರಡನ್ನೂ ಅನುಸರಿಸುವದು ದ್ವಯಾನುಗ. ಶಾಸ್ತ್ರಕಾರನು ಗೀತಾನುಗಕ್ಕೆ ಸ್ಥಾನವನ್ನು ಕೊಟ್ಟರೂ ಲೋಕವು ಅದಕ್ಕೆ ಯಶಸ್ಸನ್ನು ಕೊಡುವದರಲ್ಲಿ ಜಿಪುಣತನವನ್ನೇ ತೋರಿಸುತ್ತ ಬಂದಿದೆ. ಬೈಠಕು ಮುಗಿದ ಮೇಲೆ ಗವಾಯಿಯ ಹೆಸರು ಮನೆಮನೆಗೆ ಹೋಗುವದು. ಅವನ ಬದಿಗೆ ಕುಳಿತು ಅವನ ಪ್ರತಿಯೊಂದು ಉಸಿರನ್ನೂ ಕಾಯ್ದವನ ಹೆಸರು ಬಾಗಿಲಲ್ಲಿಯೇ ಉಳಿಯುವದು. ಈ ನಿಯಮಕ್ಕೆ ಅಪವಾದವಾಗಿ, ಸಾಥಿಯ ವಾದನದಿಂದಲೇ ಪಂಡಿತಪದವಿಯನ್ನು ಗಳಿಸಿದವರು ಬೆಳಗಾವಿಯ ರಾಮಭಾವು ಬಿಜಾಪುರೆಯವರು. ಅವರ ಚರಿತ್ರೆಯು ಒಬ್ಬ ವ್ಯಕ್ತಿಯದಷ್ಟೇ ಅಲ್ಲ. ಪರದೇಶದಿಂದ ಬಂದು, ನಿಂದೆಗೆ ಗುರಿಯಾಗಿ, ಕಡೆಗೆ ನಮ್ಮದಾದ ಒಂದು ವಾದ್ಯದ ಚರಿತ್ರೆಯೂ ಅದೇ ಆಗಿದೆ.

ಬೆಳಗಾವಿಯು ಸಂಗೀತದ ಊರಾದದ್ದಕ್ಕೆ ಅದರ ನೆಲೆಯೇ ಮೊದಲ ಕಾರಣ. ಗೋವೆಯಿಂದ ಘಟ್ಟವನ್ನೇರುವ ಉಗಿಬಂಡಿಯ ದಾರಿಯು 1880ರ ದಶಕದ ಕೊನೆಗೆ ಸಿದ್ಧವಾಗಿ, ಖಾನಾಪುರ ತಾಲೂಕಿನ ಲೋಂಡಾದಲ್ಲಿ ಕವಲೊಡೆದು, ಒಂದು ಕಡೆಗೆ ಧಾರವಾಡ ಹುಬ್ಬಳ್ಳಿಗಳನ್ನೂ ಇನ್ನೊಂದು ಕಡೆಗೆ ಖಾನಾಪುರದ ಕಾಡುಗಳ ನಡುವೆ ಹಾಯ್ದು ಬೆಳಗಾವಿ, ಮಿರಜಗಳನ್ನೂ ಮುಟ್ಟಿತು. ಜಾಂಬೋಟಿ, ಕಣಕುಂಬಿಗಳ ಮೇಲಿಂದ ಚೋರ್ಲಾ ಘಟ್ಟವನ್ನಿಳಿಯುವ ಹಾದಿಯೂ ಈ ತಾಲೂಕಿನದೇ. ಗೋವೆಯ ಕಲಾವಂತರು, ಸಾವಂತವಾಡಿಯ ಗವಾಯಿಗಳು, ಮಿರಜದ ತಂಬೂರಿ, ಧಾರವಾಡದ ರಸಿಕರು, ಎಲ್ಲರಿಗೂ ಬೆಳಗಾವಿಯು ನಡುದಾರಿಯ ಬಿಡಾರವಾಯಿತು. ಮರಾಠೀ ಸಂಗೀತನಾಟಕದ ಆದ್ಯರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕುಮಾರ ಗಂಧರ್ವರ ಜನ್ಮಸ್ಥಳವಾದ ಸುಳೇಭಾವಿಯು ನಗರಕ್ಕೆ ಹತ್ತಿರದ ಹಳ್ಳಿ. ಎರಡು ಭಾಷೆಗಳು ಒಂದೇ ಓಣಿಯಲ್ಲಿ ವಾಸಿಸುವ ಈ ಊರಿನಲ್ಲಿ ಸಂಗೀತವು ಯಾವದೊಂದು ಭಾಷೆಯ ಸೊತ್ತಾಗಲಿಲ್ಲ.

ಈ ಸೀಮೆಯ ಜನರು ಪೇಟಿ ಎಂದು ಕರೆಯುವ, ಸಂಸ್ಕೃತಾಭಿಮಾನಿಗಳು ಸಂವಾದಿನಿ ಎಂದು ಹೆಸರಿಟ್ಟ ಹಾರ್ಮೋನಿಯಮ್ಮು ಹುಟ್ಟಿದ್ದು ಫ್ರಾನ್ಸಿನಲ್ಲಿ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೈನ್ ಎಂಬವನು ಅದನ್ನು 1840ರ ಸುಮಾರಿಗೆ ನಿರ್ಮಿಸಿದನು. ಆ ಮೂಲವಾದ್ಯವು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯನ್ನೊತ್ತುವಂಥದು. ನೆಲದ ಮೇಲೆ ಪದ್ಮಾಸನ ಹಾಕಿ ಹಾಡುವ ನಮ್ಮವರಿಗೆ ಅದು ಒಗ್ಗಲಾರದು. ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ತಿದಿಯನ್ನು ಹಿಂಬದಿಗಿಟ್ಟು, ಒಂದು ಕೈ ಗಾಳಿಯೂಡುತ್ತಿರುವಾಗ ಇನ್ನೊಂದು ಕೈ ಸ್ವರಗಳನ್ನು ನುಡಿಸುವ ಕೈಪೆಟ್ಟಿಗೆಯನ್ನು ಸಿದ್ಧಪಡಿಸಿದರು. ಅಂದಿನಿಂದ ಅದು ಭಜನೆಯ ಮಂದಿರವನ್ನೂ ನಾಟಕದ ಪರದೆಯ ಬದಿಯನ್ನೂ ಸೇರಿತು. ಕೊಣ್ಣೂರು, ಶಿರಹಟ್ಟಿ ಮೊದಲಾದ ಕನ್ನಡ ನಾಟಕಮಂಡಳಿಗಳಲ್ಲಿಯೂ ಮಹಾರಾಷ್ಟ್ರದ ಕಂಪನಿಗಳಲ್ಲಿಯೂ ಪೇಟಿಯಿಲ್ಲದೆ ನಾಂದಿಯೇ ಇಲ್ಲವೆಂಬಂತಾಯಿತು. ಕೊಲ್ಹಾಪುರದ ಗೋವಿಂದರಾವ್ ಟೆಂಬೆಯವರು ಅದಕ್ಕೆ ಪ್ರೌಢಿಮೆಯನ್ನು ತಂದರು. ಬೆಳಗಾವಿಯಲ್ಲಿ ವಿಠ್ಠಲರಾವ್ ಕೋರಗಾಂವಕರರು ಅದರಿಂದ ಹೆಸರು ಪಡೆದರು.

ರಾಮಭಾವು ಹುಟ್ಟಿದ್ದು 1917ನೆಯ ಇಸವಿಯ ಜನವರಿ 7ರಂದು, ಜಿಲ್ಲೆಯ ಉತ್ತರದಂಚಿನ ಕಾಗವಾಡದಲ್ಲಿ. ಸಂಗೀತವನ್ನು ದರಬಾರದಿಂದ ಶಾಲೆಗೆ ತಂದ ವಿಷ್ಣು ದಿಗಂಬರ ಪಲುಸ್ಕರರ ಜನ್ಮಸ್ಥಳ ಕುರುಂದವಾಡವೂ ಅವರ ವಿದ್ಯಾಸ್ಥಳ ಮಿರಜವೂ ಅಲ್ಲಿಂದ ದೂರವಲ್ಲ. ಬಾಲಕನಿಗೆ ಮೊದಲ ಪಾಠವನ್ನು ಹೇಳಿದವರು ಅಣ್ಣಿಗೇರಿ ಮಲ್ಲಯ್ಯನವರು. ಬಳಿಕ ರಾಜವಾಡೆ, ಗೋವಿಂದರಾವ್ ಗಾಯಕವಾಡ, ಹಣಮಂತರಾವ್ ವಾಳವೇಕರ ಇವರಲ್ಲಿ ಪೇಟಿಯ ಅಭ್ಯಾಸ ಮುಂದುವರಿಯಿತು. ಬೇರೊಬ್ಬನಾಗಿದ್ದರೆ ಇಷ್ಟಕ್ಕೇ ತೃಪ್ತನಾಗಿ ಯಾವದಾದರೊಂದು ಕಂಪನಿಯನ್ನು ಸೇರಿ ಹೊಟ್ಟೆ ಹೊರೆಯುತ್ತಿದ್ದನು. ರಾಮಭಾವು ಹಾಗೆ ಮಾಡದೆ, ಗ್ವಾಲಿಯರ ಪರಂಪರೆಯ ಹಿರಿಯ ಗವಾಯಿಗಳಾದ ರಾಮಕೃಷ್ಣಬುವಾ ವಝೆಯವರಲ್ಲಿಯೂ ಅವರ ಮಗ ಶಿವರಾಮಬುವಾ ಅವರಲ್ಲಿಯೂ ಕಂಠಸಂಗೀತವನ್ನು ಕಲಿತರು. ವಾದಕನಾಗಬೇಕಾದವನು ಗಾಯಕನ ಮುಂದೆ ಶಿಷ್ಯನಾಗಿ ಕುಳಿತದ್ದೇ ಅವರ ಜೀವನದ ಮುಖ್ಯ ಘಟನೆಯೆನ್ನಬೇಕು. ಅದು ಏತಕ್ಕೆ ಮುಖ್ಯವೆಂಬದನ್ನು ತಿಳಿಯಬೇಕಾದರೆ ಪೇಟಿಯ ದೋಷವೇನೆಂಬದನ್ನು ಮೊದಲು ನೋಡಬೇಕು.

ಪೇಟಿಯ ಒಳಗೆ ಇರುವದು ಹಿತ್ತಾಳೆಯ ನಾಲಗೆಗಳ ಸಾಲು. ಗಾಳಿಯು ತಾಕಿದೊಡನೆ ನಾಲಗೆಯು ಕಂಪಿಸಿ ತನಗೆ ಗೊತ್ತುಮಾಡಿದ ಒಂದೇ ಸ್ವರವನ್ನು ಹೇಳುವದು. ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಯಲಾರದು. ಒಂದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ವಿಲಾಯತಿಯ ಲೆಕ್ಕವೇ ಅದರಲ್ಲಿ ಸೇರಿರುವದರಿಂದ, ಅದರ ಶುದ್ಧ ಗಾಂಧಾರವು ತಂಬೂರಿಯಿಂದ ಸಹಜವಾಗಿ ಹೊಮ್ಮುವ ಗಾಂಧಾರಕ್ಕಿಂತ ಏರಿರುತ್ತದೆ. ಒಂದು ಅರ್ಧಸ್ವರವನ್ನು 100 ಅಂಶಗಳಾಗಿ ಎಣಿಸಿದರೆ ಈ ಅಂತರವು ಸುಮಾರು 14 ಅಂಶ. ಸೂಕ್ಷ್ಮ ಕಿವಿಯುಳ್ಳವರಿಗೆ ಇದು ಕಣ್ಣಿಗೆ ಬಿದ್ದ ಮರಳಿನಂತೆ ಚುಚ್ಚುವದು. ಇನ್ನು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಮಾತಂತೂ ದೂರವೇ ಉಳಿಯಿತು. ಈ ದೋಷವನ್ನು ಯಂತ್ರದಿಂದಲೇ ನಿವಾರಿಸಬೇಕೆಂದು ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಬ್ರಿಟಿಷ್ ನ್ಯಾಯಾಧಿಕಾರಿ ಕ್ಲೆಮೆಂಟ್ಸರೂ 1910ರ ಸುಮಾರಿಗೆ ಇಪ್ಪತ್ತೆರಡು ಶ್ರುತಿಗಳ ಪೇಟಿಯನ್ನು ಮಾಡಿಸಿದರು. ವಿದ್ವಾಂಸರಲ್ಲಿ ವಾದವೆದ್ದಿತು, ಆ ಪೇಟಿಯು ಗವಾಯಿಗಳ ಬದಿಗೆ ಬಂದು ನೆಲೆಗೊಳ್ಳಲಿಲ್ಲ.

ಯಂತ್ರವು ಮಾಡಲಾರದ್ದನ್ನು ಮನುಷ್ಯನು ಮಾಡಬೇಕಾಯಿತು. ನಾರದೀಯ ಶಿಕ್ಷೆಯು ವೀಣೆಗಳು ಎರಡೆಂದು ಹೇಳುತ್ತದೆ: ಮರದಿಂದಾದ ದಾರವೀ ವೀಣೆ, ಮನುಷ್ಯಶರೀರವೆಂಬ ಗಾತ್ರವೀಣೆ. ಗಾತ್ರವೀಣೆಯನ್ನು ಬಲ್ಲವನ ಬೆರಳಿಗೆ ಮರದ ಪೆಟ್ಟಿಗೆಯ ಮಿತಿ ಎಲ್ಲಿದೆಯೆಂಬದು ತಿಳಿಯುತ್ತದೆ. ದರಬಾರಿ ಕಾನಡಾದಲ್ಲಿ ಗವಾಯಿಯು ಕೋಮಲ ಗಾಂಧಾರವನ್ನು ತೂಗುತ್ತಿರುವಾಗ ಅಲ್ಪಜ್ಞನಾದ ಪೇಟಿಯವನು ಆ ಮನೆಯನ್ನು ಒತ್ತಿಹಿಡಿದು ರಾಗವನ್ನೇ ಕೊಲ್ಲುವನು. ಬಲ್ಲವನು ಅದನ್ನು ಮುಟ್ಟಿ ಬಿಡುವನು. ಪಕ್ಕದ ಸ್ವರದ ಕಣವನ್ನು ಸೋಂಕಿಸುವನು. ತಿದಿಯ ಗಾಳಿಯನ್ನು ತಗ್ಗಿಸಿ ನಾದವನ್ನು ತೆಳ್ಳಗೆ ಮಾಡುವನು. ಕೆಲವೊಮ್ಮೆ ಸುಮ್ಮನಿದ್ದು ತಂಬೂರಿಗೇ ಎಡೆಗೊಡುವನು. ಇದನ್ನೇ ಗಾಯಕೀ ಅಂಗವೆಂದು ಕರೆಯುತ್ತಾರೆ. ಬಿಜಾಪುರೆಯವರ ವಾದನದ ಕೀರ್ತಿಗೆ ತಳಹದಿಯಾದದ್ದು ಈ ಅಂಗವೇ. ಸ್ವತಂತ್ರವಾಗಿ ಶುಷ್ಕವಾದನ ಮಾಡಿದಾಗಲೂ ಅವರ ಪೇಟಿಯು ಬಂದಿಶನ್ನು ಹಾಡಿದಂತೆಯೇ ಕೇಳಿಸುತ್ತಿತ್ತು.

ಆದರೆ ಕಾಲವು ಅನುಕೂಲವಾಗಿರಲಿಲ್ಲ. 1940ರ ಮಾರ್ಚ್ 1ರಿಂದ ಅಖಿಲ ಭಾರತ ರೇಡಿಯೋ ತನ್ನ ಕೇಂದ್ರಗಳಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಅದು ಪರಕೀಯವೆಂದೂ ಶ್ರುತಿಗಳನ್ನು ಕೆಡಿಸುವದೆಂದೂ ವಾದಿಸಿದವರಲ್ಲಿ ಇಂಗ್ಲಿಷ್ ಸಂಗೀತಗಾರರೂ ಇದ್ದರು, ಭಾರತೀಯ ಧುರೀಣರೂ ಇದ್ದರು. ರವೀಂದ್ರನಾಥ ಠಾಕೂರರೂ ಆ ವಾದ್ಯವನ್ನು ಒಪ್ಪುತ್ತಿರಲಿಲ್ಲ. ಆಗ ಬಿಜಾಪುರೆಯವರಿಗೆ 23 ವರುಷ. 1950ರ ಜನವರಿಯಲ್ಲಿ ಬೆಳಗಾವಿಗೆ ಸುಮಾರು 75 ಕಿಲೋಮೀಟರ್ ದೂರದ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ತೆರೆದು ಈ ಸೀಮೆಯ ಗವಾಯಿಗಳಿಗೆಲ್ಲ ಹೊಸ ಹೆಬ್ಬಾಗಿಲಾಯಿತು. ಪೇಟಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ಬೈಠಕಿನಲ್ಲಿ ತಮ್ಮ ಬದಿಗೆ ಪೇಟಿಯನ್ನು ಬಯಸುತ್ತಿದ್ದ ಗವಾಯಿಗಳೇ ರೇಡಿಯೋದಲ್ಲಿ ಅದಿಲ್ಲದೆ ಹಾಡಬೇಕಾಯಿತು. 1971ರಲ್ಲಿ ಕೆಲವು ನಿಬಂಧನೆಗಳೊಡನೆ ಸಾಥಿಯ ಮಟ್ಟಿಗೆ ಈ ನಿಷೇಧವು ಸಡಿಲವಾದಾಗ ಬಿಜಾಪುರೆಯವರು 54ನೆಯ ವಯಸ್ಸಿನಲ್ಲಿದ್ದರು. ಕಲಾವಿದನ ಪ್ರೌಢಕಾಲವೆನ್ನಬಹುದಾದ ಮೂವತ್ತೊಂದು ವರುಷಗಳು ಹೀಗೆ ಬಾನುಲಿಯ ಹೊರಗೆ ಕಳೆದವು.

ಸ್ವದೇಶೀ ಭಾವನೆಯಿಂದ ಹುಟ್ಟಿದ ಆ ಆಕ್ಷೇಪವನ್ನು ಕೇವಲ ಮೂಢತನವೆಂದು ತಳ್ಳಿಹಾಕಲಾಗದು; ಶ್ರುತಿಯ ವಿಷಯದಲ್ಲಿ ಅದು ಹೇಳಿದ್ದು ನಿಜವೇ ಆಗಿತ್ತು. ಆದರೆ ಹುಟ್ಟಿನಿಂದ ವಾದ್ಯಕ್ಕೆ ಜಾತಿಯನ್ನು ಕಟ್ಟುವದು ನಮ್ಮ ಸಂಗೀತದ ಇತಿಹಾಸಕ್ಕೇ ವಿರುದ್ಧವಾದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕೈಗೆತ್ತಿಕೊಂಡ ಯುರೋಪಿನ ಪಿಟೀಲು ದಕ್ಷಿಣದಲ್ಲಿ ಗೀತಾನುಗ ವಾದ್ಯಗಳ ಅಗ್ರಸ್ಥಾನವನ್ನು ಪಡೆದದ್ದನ್ನು ಯಾರು ಅಲ್ಲಗಳೆಯಬಲ್ಲರು? ಪಿಟೀಲಿಗೆ ಮೀಂಡು ಸುಲಭ, ಪೇಟಿಗೆ ಅಸಾಧ್ಯ ಎಂಬ ಭೇದವಿರುವದು ದಿಟ. ಆದ ಕಾರಣ ಪೇಟಿಯವನ ಮೇಲೆ ಹೊಣೆಯೂ ಇಮ್ಮಡಿಯಾಯಿತು. ರೇಡಿಯೋ ಮುಚ್ಚಿದ ಬಾಗಿಲಿಗೆ ಬಿಜಾಪುರೆಯವರ ಉತ್ತರವಿದ್ದದ್ದು ಬೈಠಕಿನಲ್ಲಿ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ, ಇವರೆಲ್ಲರಿಗೂ ಅವರು ಸಾಥಿ ಮಾಡಿದರು. ಈ ಐವರ ಹಾದಿಗಳು ಐದು ಬಗೆ. ಮನಸೂರರ ಜಯಪುರ ಗಾಯಕಿಯ ಸುತ್ತುಬಳಸಿನ ತಾನಗಳನ್ನು ಹಿಂಬಾಲಿಸುವ ಕೈಯೇ ಗಂಗೂಬಾಯಿಯವರ ಕಿರಾಣಾದ ನಿಧಾನದ ಬಢತ್ತಿನಲ್ಲಿ ತಾಳ್ಮೆಯಿಂದ ಕಾಯ್ದು ಕೂಡ್ರಬೇಕು. ಕುಮಾರರ ಅನಿರೀಕ್ಷಿತ ತಿರುವುಗಳಲ್ಲಿ ಎಚ್ಚತ್ತಿರಬೇಕು. ಒಬ್ಬರದು ಕರಿ ಒಂದು, ಇನ್ನೊಬ್ಬರದು ಬಿಳಿ ನಾಲ್ಕು ಎಂದು ಷಡ್ಜವೇ ಬದಲಾಗುವಾಗ ಬೆರಳುಗಳ ಲೆಕ್ಕವೆಲ್ಲವೂ ಬದಲಾಗುವದು.

ಖಾನಾಪುರದ ಮಣ್ಣಿನ ಪಾತ್ರೆಗಳು ಈ ಸೀಮೆಯಲ್ಲಿ ಹೆಸರಾದವು. ಗಡಿಗೆಯನ್ನು ಬಾರಿಸಿ ನೋಡಿ ಕೊಳ್ಳುವವರು ಮಣ್ಣನ್ನು ಹೊಗಳುವರು, ಕುಂಬಾರನ ಕೈಯನ್ನು ಹೊಗಳುವರು. ತಿಗರಿಯನ್ನು ಯಾರೂ ನೆನೆಯರು. ಆದರೆ ತಿಗರಿಯು ಅಲುಗಾಡಿದರೆ ಗಡಿಗೆಯು ಸೊಟ್ಟಗಾಗುವದು. ಸಾಥಿಯವನ ಸ್ಥಿತಿಯೂ ಇಂಥದೇ. ಯುರೋಪಿನಲ್ಲಿಯೂ ಇದು ಬೇರೆಯಲ್ಲ. ದೊಡ್ಡ ದೊಡ್ಡ ಗಾಯಕರಿಗೆ ಪಿಯಾನೋ ಸಾಥಿ ಮಾಡಿದ ಇಂಗ್ಲೆಂಡಿನ ಜೆರಾಲ್ಡ್ ಮೂರ್ ಎಂಬವರು 1962ರಲ್ಲಿ ಪ್ರಕಟಿಸಿದ ಆತ್ಮಕಥೆಗೆ 'ನನ್ನ ಸದ್ದು ಹೆಚ್ಚಾಯಿತೇ?' ಎಂಬರ್ಥದ ಹೆಸರನ್ನಿಟ್ಟರು. ಆ ಪ್ರಶ್ನೆಯನ್ನು ಪ್ರತಿಕ್ಷಣವೂ ತನಗೆ ತಾನೇ ಕೇಳಿಕೊಳ್ಳುವವನೇ ನಿಜವಾದ ಅನುಗಾಮಿ. ತನ್ನಲ್ಲಿ ವಿದ್ಯೆಯಿಲ್ಲದೆ ಸುಮ್ಮನಿರುವದು ಸಂಯಮವಲ್ಲ. ವಿದ್ಯೆಯಿದ್ದು, ಸಮಯವಲ್ಲವೆಂದು ತಡೆದುಕೊಳ್ಳುವದೇ ಸಂಯಮ.

ಬೈಠಕಿನ ವಾದನವು ಆ ರಾತ್ರಿಗೇ ಕರಗುವಂಥದು. ಬೆಳಗಾವಿಯಲ್ಲಿ ಬಿಜಾಪುರೆಯವರು ಶ್ರೀರಾಮ ಸಂಗೀತ ಮಹಾವಿದ್ಯಾಲಯವನ್ನು ಸ್ಥಾಪಿಸಿ ಅದು ಕರಗದಂತೆ ನೋಡಿಕೊಂಡರು. ಪಲುಸ್ಕರರ ಶಿಷ್ಯವರ್ಗವು 1931ರಲ್ಲಿ ಕಟ್ಟಿದ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷಾಕ್ರಮದಿಂದ ಸಂಗೀತವು ಗೃಹಸ್ಥರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಗೌರವದ ವಿದ್ಯೆಯಾಗಿ ಪರಿಣಮಿಸಿದ ಕಾಲವದು. ಇಂಥ ಶಾಲೆಗಳಲ್ಲಿ ಕಲಿತವರೆಲ್ಲರೂ ಗವಾಯಿಗಳಾಗುವದಿಲ್ಲ, ಆಗಬೇಕಾಗಿಯೂ ಇಲ್ಲ. ಸಂಜೆ ಶಾಲೆ ಬಿಟ್ಟ ಬಳಿಕ ಅಲಂಕಾರಗಳನ್ನು ಬಾರಿಸಿದ ಹುಡುಗನು ಮುಂದೆ ವಕೀಲನಾಗಲಿ ವ್ಯಾಪಾರಿಯಾಗಲಿ, ಬೈಠಕಿನಲ್ಲಿ ಕುಳಿತಾಗ ಸಮ್ಮಿಗೆ ತಲೆದೂಗಬಲ್ಲವನಾಗುವನು. ಒಂದು ಊರಿನ ರಸಿಕತೆಯೆಂಬದು ಇಂಥವರಿಂದಲೇ ಆದದ್ದು. ಅಭ್ಯಾಸವನ್ನು ವೃತ್ತಿಯಾಗಿಸಿಕೊಂಡ ಶಿಷ್ಯರೂ ಕಡಿಮೆಯಲ್ಲ. ಬೆಂಗಳೂರಿನ ರವೀಂದ್ರ ಕಾಟೋಟಿ, ಬೆಳಗಾವಿಯ ಸುಧಾಂಶು ಕುಲಕರ್ಣಿ ಇವರು ಗುರುವಿನ ಪೇಟಿಯನ್ನು ಮುಂದಿನ ತಲೆಮಾರಿಗೆ ಮುಟ್ಟಿಸಿದವರಲ್ಲಿ ಪ್ರಸಿದ್ಧರು.

2010ನೆಯ ಇಸವಿಯ ನವೆಂಬರ್ 19ರಂದು, 93 ವರುಷಗಳ ತುಂಬುಜೀವನವನ್ನು ಮುಗಿಸಿ ರಾಮಭಾವು ಬೆಳಗಾವಿಯಲ್ಲಿ ದೇಹವಿಟ್ಟರು. ಕನ್ನಡ ಗುರುವಿನಿಂದ ಆರಂಭವಾಗಿ, ಮರಾಠೀ ಗುರುಗಳಲ್ಲಿ ಬೆಳೆದು, ಫ್ರಾನ್ಸಿನಲ್ಲಿ ಹುಟ್ಟಿ ಕಲಕತ್ತೆಯಲ್ಲಿ ರೂಪಾಂತರಗೊಂಡ ವಾದ್ಯದ ಮೇಲೆ ಗ್ವಾಲಿಯರದ ಗಾಯನವನ್ನು ನುಡಿಸಿದ ಈ ಪುರುಷನನ್ನು ಯಾವ ಗಡಿಯೊಳಗೆ ಕೂಡಿಸಬೇಕೆಂದು ಕೇಳುವವರಿಗೆ ಅವರ ಜೀವನವೇ ಉತ್ತರವಾಗಿದೆ. ವಿದ್ಯೆಯು ಎಲ್ಲಿಂದ ಬಂದಿತೆಂಬದಕ್ಕಿಂತ ಅದನ್ನು ಯಾರು ಎಷ್ಟು ಕಾಲ ಸಾಧಿಸಿದರೆಂಬದೇ ಅದು ಯಾರದೆಂಬದನ್ನು ನಿರ್ಣಯಿಸುವದು. ಪೇಟಿಯ ಗಾಂಧಾರವು ಈ ಹೊತ್ತಿಗೂ ಆ 14 ಅಂಶಗಳಷ್ಟು ಏರಿಯೇ ಇರುವದು. ಅದನ್ನು ಮರೆಯಿಸುವ ಕೈಗಳನ್ನು ಮಾತ್ರ ರಾಮಭಾವು ಬೆಳಗಾವಿಯಲ್ಲಿ ಸಿದ್ಧಪಡಿಸಿ ಹೋದರು.