ಗಣಕಯಂತ್ರ ನೀವೇ ಜೋಡಿಸಿ: ಮೊದಲ ಬಾರಿಗೆ ಕೈಹಾಕುವವರಿಗೊಂದು ಕೈಪಿಡಿ

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಮೇಜಿನ ಗಣಕಯಂತ್ರದ ಬದಲು, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು ಮನೆಯಲ್ಲೇ ಜೋಡಿಸಿಕೊಳ್ಳುವುದು ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಪುರಭವನದ ಸಮೀಪದ ಸಾದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿನ ಎಸ್‌.ಪಿ. ರಸ್ತೆ, ಇಂಥ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾಗಿದೆ. ಜೋಡಣೆಗೆ ಎಂಜಿನಿಯರಿಂಗ್ ಪದವಿಯಾಗಲಿ, ಬೆಸುಗೆ ಹಾಕುವ ಪರಿಣತಿಯಾಗಲಿ ಬೇಕಿಲ್ಲ. ಒಂದು ತಿರುಪುಳಿ, ಒಂದು ಮಧ್ಯಾಹ್ನದ ಬಿಡುವು ಮತ್ತು ತಾಳ್ಮೆ ಸಾಕು.

ಆದರೆ ಅಂಗಡಿಯ ಪಕ್ಕದಲ್ಲಿರುವವರಿಗೂ ದೂರದ ಊರಿನವರಿಗೂ ಈ ಕೆಲಸ ಒಂದೇ ಬಗೆಯದಲ್ಲ. ಉದಾಹರಣೆಗೆ ಮಾಗಡಿಯನ್ನು ತೆಗೆದುಕೊಳ್ಳೋಣ. ಇದು ಕೆಂಪೇಗೌಡರ ಮಾಗಡಿಯಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆಯ ಮಾಗಡಿ. ಇಲ್ಲಿಂದ ಗದಗ ಸುಮಾರು 26 ಕಿಲೋಮೀಟರ್. ಅಲ್ಲಿ ಸಿಗದ ಭಾಗಕ್ಕೆ ಇನ್ನೂ ಸುಮಾರು 58 ಕಿಲೋಮೀಟರ್ ಸಾಗಿ ಹುಬ್ಬಳ್ಳಿ ಸೇರಬೇಕು. ಎಸ್‌.ಪಿ. ರಸ್ತೆಯಂತೂ ಸುಮಾರು ನಾನೂರು ಕಿಲೋಮೀಟರ್ ದೂರ. ಬೆಂಗಳೂರಿನವರು ತಪ್ಪು ರ‍್ಯಾಮ್ ತಂದರೆ ಸಂಜೆಯೊಳಗೆ ಬದಲಿಸಿಕೊಳ್ಳಬಹುದು. ಮಾಗಡಿಯವರಿಗೆ ಅದೇ ತಪ್ಪಿಗೆ ಒಂದು ದಿನದ ಕೆಲಸವೂ ಬಸ್ಸಿನ ದುಡ್ಡೂ ಹೋಗುತ್ತದೆ. ಪೇಟೆಯಿಂದ ದೂರವಾದಷ್ಟೂ ತಪ್ಪಿನ ಬೆಲೆ ಹೆಚ್ಚು. ಆದ್ದರಿಂದ ಜೋಡಣೆಯ ಮುಕ್ಕಾಲು ಪಾಲು ಕೆಲಸ ಅಂಗಡಿಗೆ ಹೋಗುವ ಮೊದಲೇ, ಕಾಗದದ ಮೇಲೆ ಮುಗಿಯಬೇಕು.

ಬಿಡಿಭಾಗಗಳು ಹೊಂದುವುದೇಕೆ?

ಬೇರೆ ಬೇರೆ ಕಂಪನಿಗಳ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ ಕೂಡಿ ಕೆಲಸ ಮಾಡುವುದರ ಹಿಂದೆ ಒಂದು ಇತಿಹಾಸವಿದೆ. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿದಾಗ ಅದರ ತಾಂತ್ರಿಕ ವಿವರಗಳನ್ನು ಪ್ರಕಟಿಸಿತು. ಇದರಿಂದ ಇತರ ಕಂಪನಿಗಳೂ ಅದಕ್ಕೆ ಹೊಂದುವ ಭಾಗಗಳನ್ನು ತಯಾರಿಸತೊಡಗಿದವು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡಿನ ಅಳತೆ, ತಿರುಪು ಕೂರುವ ಸ್ಥಳ, ವಿದ್ಯುತ್ ಜೋಡಣೆಯ ರೀತಿಗಳನ್ನು ನಿಗದಿಪಡಿಸಿತು. ಹಲವು ಪರಿಷ್ಕರಣೆಗಳೊಂದಿಗೆ ಅದು ಇಂದಿಗೂ ಚಾಲ್ತಿಯಲ್ಲಿದೆ.

ಭಾರತದಲ್ಲಿ ಬಿಡಿಭಾಗಗಳ ಮಾರುಕಟ್ಟೆ ಬೆಳೆಯಲು ಸರ್ಕಾರದ ನೀತಿಗಳೂ ಕಾರಣ. 1984ರ ನವೆಂಬರ್‌ನಲ್ಲಿ ಪ್ರಕಟವಾದ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. 1997ರಲ್ಲಿ ಭಾರತವು ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಅದರನ್ವಯ ಗಣಕಯಂತ್ರ ಮತ್ತು ಅದರ ಭಾಗಗಳ ಮೇಲಿನ ಸೀಮಾಸುಂಕ 2005ರ ವೇಳೆಗೆ ಶೂನ್ಯಕ್ಕಿಳಿಯಿತು. ಜನ ‘ಅಸೆಂಬಲ್ಡ್’ ಎಂದು ಕರೆಯುವ ಗಣಕಗಳು ಜಿಲ್ಲಾ ಕೇಂದ್ರಗಳ ಸೈಬರ್ ಕೆಫೆ, ಡಿಟಿಪಿ ಕೇಂದ್ರ, ಫೋಟೊ ಸ್ಟುಡಿಯೊಗಳನ್ನು ತುಂಬಿದ್ದು ಈ ಕಾಲದಲ್ಲೇ.

ಮೊದಲ ಪ್ರಶ್ನೆ: ಜೋಡಿಸಬೇಕೇ?

ಎಲ್ಲರಿಗೂ ಜೋಡಣೆ ಲಾಭದಾಯಕವಲ್ಲ. ಬರಹ, ಲೆಕ್ಕಪತ್ರ, ಆನ್‌ಲೈನ್ ಅರ್ಜಿಗಳಷ್ಟೇ ಕೆಲಸವಾದರೆ ಕಂಪನಿಗಳ ಸಿದ್ಧ ಯಂತ್ರ ಕೆಲವೊಮ್ಮೆ ಅಗ್ಗವಾಗಿಯೇ ಸಿಗುತ್ತದೆ. ದಿನಕ್ಕೆ ಹಲವು ಗಂಟೆ ವಿದ್ಯುತ್ ಇಲ್ಲದ ಮನೆಗೆ ತನ್ನದೇ ಬ್ಯಾಟರಿ ಇರುವ ಲ್ಯಾಪ್‌ಟಾಪ್ ಮೇಲು. ವಿಡಿಯೊ ಸಂಕಲನ, ವಿನ್ಯಾಸ, ಪ್ರೋಗ್ರಾಮಿಂಗ್, ಆಟ ಮುಂತಾದ ಭಾರವಾದ ಕೆಲಸಗಳಿಗೆ, ವರ್ಷ ಕಳೆದಂತೆ ಒಂದೊಂದೇ ಭಾಗ ಬದಲಿಸುತ್ತ ಹೋಗಬೇಕೆನ್ನುವವರಿಗೆ, ಯಂತ್ರದ ಒಳಹೊರಗು ತಿಳಿಯಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಗಳಿಗೆ ಜೋಡಣೆ ತಕ್ಕದ್ದು.

ಹೊಂದಾಣಿಕೆಯ ಪಟ್ಟಿ

ಒಂದು ಹಾಳೆಯ ಮೇಲೆ ಈ ಕೆಳಗಿನ ಭಾಗಗಳನ್ನು ಬರೆದು, ಒಂದಕ್ಕೊಂದು ಹೊಂದುತ್ತವೆಯೇ ಎಂದು ತಾಳೆ ನೋಡಿ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್: ಇವೆರಡರ ‘ಸಾಕೆಟ್’ ಒಂದೇ ಆಗಿರಬೇಕು. ಎಎಂಡಿಯಲ್ಲಿ ಎಎಂ4 ಸಾಕೆಟ್ 2016ರದ್ದು, ಎಎಂ5 2022ರದ್ದು. ಇಂಟೆಲ್‌ನಲ್ಲಿ ಎಲ್‌ಜಿಎ1700 ಸಾಕೆಟ್ 2021ರಲ್ಲಿ, ಎಲ್‌ಜಿಎ1851 ಸಾಕೆಟ್ 2024ರಲ್ಲಿ ಬಂದವು. ಒಂದರ ಪ್ರೊಸೆಸರ್ ಮತ್ತೊಂದರಲ್ಲಿ ಕೂರದು. ಸಾಕೆಟ್ ಒಂದೇ ಆದರೂ ಬೋರ್ಡ್ ಹಳೆಯದಾಗಿ ಪ್ರೊಸೆಸರ್ ಹೊಸದಾದರೆ ಬಯೋಸ್ ನವೀಕರಣ ಬೇಕಾಗಬಹುದು. ಅದನ್ನು ಮಾಡಿಕೊಡಲು ಅಂಗಡಿಯಲ್ಲೇ ಕೇಳಿ.

ಚಿತ್ರಸಾಮರ್ಥ್ಯ: ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಪ್ರೊಸೆಸರ್‌ಗಳಲ್ಲಿ ಪರದೆಗೆ ಚಿತ್ರ ಕಳುಹಿಸುವ ಘಟಕ ಇರುವುದಿಲ್ಲ. ಬೆಲೆ ಕಡಿಮೆ ಎಂದು ಇದನ್ನು ಕೊಂಡರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕು. ಇಲ್ಲವಾದರೆ ಯಂತ್ರ ಚಾಲೂ ಆದರೂ ಪರದೆ ಕಪ್ಪಾಗಿಯೇ ಇರುತ್ತದೆ.

ರ‍್ಯಾಮ್: ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5 ಮತ್ತು ಎಲ್‌ಜಿಎ1851 ಬೋರ್ಡಿಗೆ ಡಿಡಿಆರ್5. ಎಲ್‌ಜಿಎ1700 ಬೋರ್ಡುಗಳಲ್ಲಿ ಎರಡೂ ಬಗೆಯವು ಇರುವುದರಿಂದ ಮಾದರಿಯ ವಿವರ ಓದಿಯೇ ಕೊಳ್ಳಿ. ಲ್ಯಾಪ್‌ಟಾಪಿನ ರ‍್ಯಾಮ್ ಗಿಡ್ಡ. ಅದು ಇಲ್ಲಿ ಕೂರುವುದಿಲ್ಲ. ಸಾಮಾನ್ಯ ಬಳಕೆಗೆ 16 ಜಿಬಿ ಸಾಕು. 8 ಜಿಬಿಯ ಎರಡು ಪಟ್ಟಿ ಹಾಕಿದರೆ ಒಂದೇ ಪಟ್ಟಿಗಿಂತ ವೇಗ ಹೆಚ್ಚು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಆದ್ದರಿಂದ ಹಳೆಯ ದರಪಟ್ಟಿಯನ್ನು ನಂಬದೆ, ಹೊರಡುವ ದಿನವೇ ದರ ವಿಚಾರಿಸಿ.

ಸಂಗ್ರಹ: ಎಂ.2 ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ನೇರವಾಗಿ ಬೋರ್ಡಿನ ಮೇಲೆ ಕೂರುತ್ತದೆ, ತಂತಿಯ ಗೋಜಿಲ್ಲ. ಅದನ್ನು ಬಿಗಿಯುವ ಪುಟ್ಟ ತಿರುಪು ಬೋರ್ಡಿನ ಪೆಟ್ಟಿಗೆಯಲ್ಲೇ ಇರುತ್ತದೆ, ಕಳೆಯದಂತೆ ತೆಗೆದಿಡಿ.

ಕ್ಯಾಬಿನೆಟ್: ಬೋರ್ಡಿನ ಅಳತೆ, ಕೂಲರಿನ ಎತ್ತರ, ಗ್ರಾಫಿಕ್ಸ್ ಕಾರ್ಡಿನ ಉದ್ದ ಈ ಮೂರನ್ನೂ ಕ್ಯಾಬಿನೆಟ್ಟಿನ ವಿವರದೊಂದಿಗೆ ಹೋಲಿಸಿ. ಎದುರಿಗೆ ಗಾಜಿನ ಬದಲು ಜಾಲರಿ ಇರಲಿ. ದೂಳು ತಡೆಯುವ ಪರದೆ ತೆಗೆದು ತೊಳೆಯುವಂತಿರಲಿ. ಉತ್ತರ ಕರ್ನಾಟಕದ ಬೇಸಿಗೆಗೂ ಎರೆಮಣ್ಣಿನ ದೂಳಿಗೂ ಬಣ್ಣದ ದೀಪಗಳಿಗಿಂತ ಇವೇ ಮುಖ್ಯ.

ವಿದ್ಯುತ್ತಿಗೆ ಮೊದಲ ಮಣೆ

ಹೊಸಬರು ಹಣ ಉಳಿಸಲು ಹೋಗುವುದು ಸಾಮಾನ್ಯವಾಗಿ ಎಸ್‌ಎಂಪಿಎಸ್‌ನಲ್ಲಿ. ಕಣ್ಣಿಗೆ ಕಾಣದ, ವೇಗ ಹೆಚ್ಚಿಸದ ಭಾಗವೆಂಬುದೇ ಕಾರಣ. ಆದರೆ ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಉಳಿದೆಲ್ಲ ಭಾಗಗಳಿಗೂ ಹಂಚುವುದು ಇದೇ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ‘80 ಪ್ಲಸ್’ ಗುರುತು, ಕನಿಷ್ಠ 3 ವರ್ಷದ ವಾರಂಟಿ ಇರುವುದನ್ನೇ ಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ, 65 ವ್ಯಾಟ್ ಪ್ರೊಸೆಸರಿನ ಗಣಕ ಪೂರ್ಣ ದುಡಿಮೆಯಲ್ಲೂ ಸಾಮಾನ್ಯವಾಗಿ 200 ವ್ಯಾಟಿನೊಳಗೇ ಇರುತ್ತದೆ. ಅದಕ್ಕೆ 450 ವ್ಯಾಟಿನ ಉತ್ತಮ ಎಸ್‌ಎಂಪಿಎಸ್ ಧಾರಾಳವಾಯಿತು.

ಎರಡನೆಯದು ಯುಪಿಎಸ್. 600 ವಿಎ ಎಂದು ಬರೆದಿರುವ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರಬಲ್ಲದು. ವಿಎ ಮತ್ತು ವ್ಯಾಟ್ ಒಂದೇ ಅಲ್ಲ. ಕೆಲಸ ಉಳಿಸಿ ಯಂತ್ರ ಆರಿಸುವಷ್ಟು ಸಮಯ ಅದು ಕೊಡುತ್ತದೆ. ವೋಲ್ಟೇಜ್ ಏರಿಳಿತ ಹೆಚ್ಚಿರುವೆಡೆ ಅದನ್ನು ತಿದ್ದುವ ‘ಲೈನ್ ಇಂಟರಾಕ್ಟಿವ್’ ಮಾದರಿಯನ್ನು ಆರಿಸಿ. ಮನೆಯ ಇನ್ವರ್ಟರ್ ಮೇಲೆಯೇ ನಡೆಸುವುದಾದರೆ ಅದರ ಗುಂಡಿ ‘ಯುಪಿಎಸ್’ ಸ್ಥಾನದಲ್ಲಿರಲಿ. ಸಾಧಾರಣ ಸ್ಥಾನದಲ್ಲಿ ಬದಲಾವಣೆಗೆ ಹಿಡಿಯುವ ಸಮಯ ಹೆಚ್ಚಾದ್ದರಿಂದ ಗಣಕ ಆರಿ ಮತ್ತೆ ಚಾಲೂ ಆಗುತ್ತದೆ.

ಮೂರನೆಯದು ಅರ್ಥಿಂಗ್. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಚುರುಗುಟ್ಟಿದರೆ ಗೋಡೆಯ ಮೂರನೇ ಪಿನ್ನಿಗೆ ಭೂಸಂಪರ್ಕ ಇಲ್ಲವೆಂದು ಅನುಮಾನಿಸಬೇಕು. ಭಾಗಗಳನ್ನು ತರುವ ಮೊದಲೇ ಎಲೆಕ್ಟ್ರೀಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಇದರ ಖರ್ಚು ಅತ್ಯಲ್ಪ, ಉಳಿಸುವುದು ಬಹಳ.

ಅಂಗಡಿಯಲ್ಲಿ

ಗಣಕದ ಬಿಡಿಭಾಗಗಳ ಮೇಲೆ ಶೇ 18 ಜಿಎಸ್‌ಟಿ ಇದೆ. ಬಿಲ್ ಬೇಡವೆಂದರೆ ಬೆಲೆ ಇಳಿಸುವ ಮಾತು ಬರಬಹುದು, ಒಪ್ಪಬೇಡಿ. ಜೋಡಿಸಿದ ಗಣಕಕ್ಕೆ ಒಂದೇ ವಾರಂಟಿ ಇರುವುದಿಲ್ಲ. ಪ್ರತಿ ಭಾಗಕ್ಕೂ ಅದರ ತಯಾರಕರದ್ದೇ ಪ್ರತ್ಯೇಕ ವಾರಂಟಿ, ಅದಕ್ಕೆ ಬಿಲ್ಲೇ ಆಧಾರ. ಭಾಗದ ಸರಣಿ ಸಂಖ್ಯೆ ಬಿಲ್ಲಿನಲ್ಲಿ ನಮೂದಾಗಿದೆಯೇ ನೋಡಿ. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ಪೊಟ್ಟಣ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಎಲ್ಲ ಭಾಗಗಳೂ ಹಿಂದಿರುಗಿಸುವ ಅವಧಿಯೊಳಗೇ ಕೈಸೇರುವಂತೆ ಒಟ್ಟಿಗೆ ತರಿಸಿ. ಬೋರ್ಡ್ ಈ ತಿಂಗಳು, ಪ್ರೊಸೆಸರ್ ಮುಂದಿನ ತಿಂಗಳು ಎಂದು ಕೊಂಡರೆ, ಬೋರ್ಡಿನಲ್ಲಿ ದೋಷ ಕಂಡಾಗ ಗಡುವು ಮುಗಿದಿರುತ್ತದೆ.

ಜೋಡಣೆಯ ಕ್ರಮ

ಮರದ ಮೇಜಿನ ಮೇಲೆ ಕೆಲಸ ಮಾಡಿ; ಕಂಬಳಿ, ಜಮಖಾನೆ ಬೇಡ. ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ ಸೇರುತ್ತದೆ. ಬಣ್ಣ ಬಳಿಯದ ಲೋಹವನ್ನು ಆಗಾಗ ಮುಟ್ಟುತ್ತಿರಿ, ಬೋರ್ಡುಗಳನ್ನು ಅಂಚಿನಲ್ಲೇ ಹಿಡಿಯಿರಿ.

1. ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ ಮೆಲ್ಲಗೆ ಕೂರಿಸಿ. ಬಾಗಿದ ಪಿನ್ನಿಗೆ ವಾರಂಟಿ ಅನ್ವಯಿಸುವುದಿಲ್ಲ.

2. ರ‍್ಯಾಮ್ ಪಟ್ಟಿಗಳನ್ನು ಕೂರಿಸಿ. ನಾಲ್ಕು ಕಿಂಡಿಗಳಿದ್ದು ಎರಡೇ ಪಟ್ಟಿಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿ ಬಳಸಬೇಕು. ‘ಟಕ್’ ಎಂಬ ಸದ್ದು ಬರುವವರೆಗೆ ಒತ್ತಬಹುದು.

3. ಎಸ್‌ಎಸ್‌ಡಿ ಬಿಗಿಯಿರಿ. ಪ್ರೊಸೆಸರಿನ ಮೇಲೆ ಬಟಾಣಿಗಾತ್ರದ ಶಾಖವಾಹಕ ಲೇಪ ಹಾಕಿ ಕೂಲರ್ ಕೂರಿಸಿ. ಜೊತೆಗೆ ಬಂದ ಕೂಲರ್‌ನಲ್ಲಿ ಲೇಪ ಮೊದಲೇ ಇದ್ದರೆ ಮತ್ತೆ ಬೇಡ. ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರುವುದನ್ನು ಖಚಿತಪಡಿಸಿಕೊಳ್ಳಿ. ಫ್ಯಾನಿನ ತಂತಿಯನ್ನು ‘ಸಿಪಿಯು ಫ್ಯಾನ್’ ಎಂದಿರುವಲ್ಲಿ ಸಿಕ್ಕಿಸಿ.

4. ಕ್ಯಾಬಿನೆಟ್ಟಿನೊಳಗೆ ಬೋರ್ಡಿನ ರಂಧ್ರಗಳಿಗೆ ಸರಿಯಾಗಿ ಹಿತ್ತಾಳೆಯ ಗಿಡ್ಡ ಕಂಬಗಳಿವೆಯೇ ನೋಡಿ. ಇವಿಲ್ಲದೆ ಬೋರ್ಡ್ ಲೋಹಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಹಿಂಬದಿಯ ತಗಡಿನ ಪಟ್ಟಿ ಪ್ರತ್ಯೇಕವಾಗಿದ್ದರೆ ಅದನ್ನು ಮೊದಲು ಹಾಕಿ, ಬಳಿಕ ಬೋರ್ಡನ್ನು ಬಿಗಿಯಿರಿ.

5. ಎಸ್‌ಎಂಪಿಎಸ್ ಕೂರಿಸಿ 24 ಪಿನ್ನಿನ ದೊಡ್ಡ ತಂತಿಯನ್ನೂ, ಪ್ರೊಸೆಸರಿಗೆ ಮೀಸಲಾದ 8 ಪಿನ್ನಿನ ತಂತಿಯನ್ನೂ ಸಿಕ್ಕಿಸಿ. ಎರಡನೆಯದನ್ನು ಮರೆಯುವವರು ಬಹಳ. ಬೇರೆ ಎಸ್‌ಎಂಪಿಎಸ್‌ನ ಬಿಡಿ ತಂತಿಗಳನ್ನು ಎಂದೂ ಬಳಸಬೇಡಿ. ಹೊರನೋಟಕ್ಕೆ ಒಂದೇ ಆದರೂ ಒಳಗಿನ ಜೋಡಣೆ ಬೇರೆ ಇರುತ್ತದೆ.

6. ಪವರ್ ಗುಂಡಿ, ರೀಸೆಟ್, ದೀಪಗಳ ಸಣ್ಣ ತಂತಿಗಳನ್ನು ಬೋರ್ಡಿನ ಕೈಪಿಡಿಯ ಚಿತ್ರ ನೋಡಿ ಹಾಕಿ. ಗುಂಡಿಗಳಿಗೆ ಧನ-ಋಣದ ಭೇದವಿಲ್ಲ, ದೀಪಗಳಿಗೆ ಇದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೊನೆಯಲ್ಲಿ ಹಾಕಿ, ಮಾನಿಟರಿನ ತಂತಿಯನ್ನು ಅದಕ್ಕೇ ಸಿಕ್ಕಿಸಿ.

ಪರದೆ ಬಾರದಿದ್ದರೆ

ಮೊದಲ ಬಾರಿ ಗುಂಡಿ ಒತ್ತಿದಾಗ ಏನೂ ಕಾಣದಿದ್ದರೆ ಗಾಬರಿ ಬೇಡ. ಡಿಡಿಆರ್5 ಇರುವ ಯಂತ್ರ ಮೊದಲ ಸಲ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಆಗ ಕೆಲವು ನಿಮಿಷ ಪರದೆ ಕಪ್ಪಾಗಿರುವುದು ಸಹಜ, ನಡುವೆ ಆರಿಸಬೇಡಿ. ಆನಂತರವೂ ಬಾರದಿದ್ದರೆ ಗೋಡೆಯ ಪ್ಲಗ್ ಕಿತ್ತು ಕ್ರಮವಾಗಿ ನೋಡಿ: 8 ಪಿನ್ನಿನ ತಂತಿ ಇದೆಯೇ, ರ‍್ಯಾಮ್ ಪೂರ್ತಿ ಕೂತಿದೆಯೇ, ಒಂದೇ ಪಟ್ಟಿ ಇಟ್ಟರೆ ಬರುತ್ತದೆಯೇ, ಮಾನಿಟರ್ ತಂತಿ ಸರಿಯಾದ ಕಡೆ ಇದೆಯೇ? ಹಲವು ಬೋರ್ಡುಗಳಲ್ಲಿ ‘ಸಿಪಿಯು’, ‘ಡಿರ‍್ಯಾಮ್’, ‘ವಿಜಿಎ’, ‘ಬೂಟ್’ ಎಂಬ ನಾಲ್ಕು ಪುಟ್ಟ ದೀಪಗಳಿದ್ದು, ಯಾವುದು ಉರಿದು ನಿಂತಿದೆಯೋ ದೋಷ ಅಲ್ಲಿದೆ ಎಂದರ್ಥ. ಏನೇ ಆದರೂ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ತಂತ್ರಾಂಶ ಮತ್ತು ಕನ್ನಡ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಭದ್ರತಾ ಸೌಲಭ್ಯ ಈಗಿನ ಬೋರ್ಡುಗಳಲ್ಲಿ ಇದೆ. ಪರವಾನಗಿಯ ಖರ್ಚು ಬೇಡವೆನ್ನುವವರು ಉಬುಂಟುವಿನಂಥ ಲಿನಕ್ಸ್ ಬಳಸಬಹುದು. ಎರಡರಲ್ಲೂ ಯೂನಿಕೋಡ್ ಕನ್ನಡಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಿಲ್ಲ. ‘ನುಡಿ’ಯ ಕೀಲಿಮಣೆ ರೂಢಿಯಾದವರಿಗೆ ಲಿನಕ್ಸ್‌ನಲ್ಲಿ ‘ಕಗಪ’ ಎಂಬ ವಿನ್ಯಾಸವೇ ಇದೆ. ಅದು ‘ನುಡಿ’ಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಹೆಸರಿನ ಸಂಕ್ಷೇಪ.

ಯಂತ್ರ ನಡೆಯತೊಡಗಿದ ಮೇಲೆ ಬಿಲ್ಲುಗಳನ್ನು ಒಂದು ಕಡತದಲ್ಲಿಡಿ, ಪೆಟ್ಟಿಗೆಗಳನ್ನು ವಾರಂಟಿ ಮುಗಿಯುವವರೆಗೆ ಅಟ್ಟದಲ್ಲಿಡಿ. ಎರಡು-ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ದೂಳು ತೆಗೆಯಿರಿ. ಮುಂದೆಂದಾದರೂ ಗಣಕ ಕೆಟ್ಟರೆ ಯಾವ ಭಾಗ ಕೆಟ್ಟಿದೆಯೆಂದು ನೀವೇ ಗುರುತಿಸುವುದು ಸಾಧ್ಯವಾಗುತ್ತದೆ. ಆಗ ಹುಬ್ಬಳ್ಳಿಯ ಬಸ್ಸಿಗೆ ಇಡೀ ಪೆಟ್ಟಿಗೆಯನ್ನು ಹೊತ್ತು ಏರಬೇಕಿಲ್ಲ. ಕೆಟ್ಟ ಭಾಗವನ್ನೂ ಅದರ ಬಿಲ್ಲನ್ನೂ ಚೀಲಕ್ಕೆ ಹಾಕಿಕೊಂಡು ಹೋದರಾಯಿತು.